ಮೈದುನ ಅತ್ತ ಎಪಿಸೋಡು

"ಹಲೋ... ಯಾರು ಮಾತಾಡ್ತಿರೋದು?... ಪಿಳ್ಳಮ್ಮನಾ? ಯಾವ ಪಿಳ್ಳಮ್ಮ? ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಕಣ್ರೀ. ರಾಂಗ್ ನಂಬರ್."

ಹಾಗಂದರೂ ವನಜಾ ಫೋನ್ ಇಡಲಿಲ್ಲ. ಇಟ್ಟಿದ್ದರೆ ಬದುಕಿಕೊಳ್ಳುತ್ತಿದ್ದಳೇನೋ. ಪಿಳ್ಳಮ್ಮ ಎಂಬ ಹೆಸರು ಬಿದ್ದದ್ದೇ ತಡ, ಫೋನನ್ನು ಇನ್ನಷ್ಟು ಕಿವಿಗೆ ಒತ್ತಿಕೊಂಡಿದ್ದಳು. ಅದು ತೀರಿಹೋದ ಅವಳ ಅಜ್ಜಿಯ ಹೆಸರು. ಪಾಪ, ಅಜ್ಜಿ ಮೊಬೈಲನ್ನು ಕಣ್ಣಿನಲ್ಲೂ ಕಂಡವಳಲ್ಲ. ಆದರೆ ಥಾಯ್ಲೆಂಡ್, ಕೊರಿಯಾ, ಜಪಾನ್ ಕಡೆಯ ಸೀರಿಯಲ್ಲುಗಳಿವೆಯಲ್ಲ, ಹುಡುಗ ಹುಡುಗನನ್ನೇ ಪ್ರೀತಿಸುವಂಥವು, ಅವನ್ನು ನೋಡುವ ಕನ್ನಡದವರ ಗುಂಪೊಂದು ವನಜಾಳ ಫೋನಿನಲ್ಲಿತ್ತು. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಇರಲಿಲ್ಲ. ವನಜಾ ಅಲ್ಲಿ ಪಿಳ್ಳಮ್ಮ. ವಾರಕ್ಕೊಮ್ಮೆ ಪಿಳ್ಳಮ್ಮ ತನ್ನ ಅಭಿಪ್ರಾಯವನ್ನು ಬಾಯಲ್ಲೇ ಹೇಳಿ, ರೆಕಾರ್ಡ್ ಮಾಡಿ ಹಾಕುತ್ತಿದ್ದಳು. ಆ ಬಾಯಿ ಕೇಳಲೆಂದೇ ಗುಂಪಿಗೆ ಸೇರಿದವರೂ ಇದ್ದರು. ಟಿ. ದಾಸರಹಳ್ಳಿಯ ರಾಮಾಂಜಿನಪ್ಪನ ಬಿಲ್ಡಿಂಗಿನ ಹಿರಿಸೊಸೆಯೇ ಆ ಪಿಳ್ಳಮ್ಮ ಎಂಬುದು ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಮೈದುನ ವಸಂತ್.

…

"ಹಾಂ?... ಜ್ಯೋತಿನಾ? ಹೆಬ್ಬಗೋಡಿ ಜ್ಯೋತಿಲಕ್ಷ್ಮಿನಾ? ಇದ್ಯಾರ ನಂಬರಮ್ಮಾ?... ನಿಮ್ಮಪ್ಪಂದಾ. ನಿನ್ ಫೋನಿಂದ ಮಾಡಿದ್ರೆ ನಾನು ಎತ್ತಲ್ಲ ಅಂತಾನಾ? ಹಂಗೇನಿಲ್ಲ ಕಣೇ. ಮದ್ವೆ ಮನೆ, ಬಿಡುವೇ ಆಗ್ತಿಲ್ಲ... ಒಂದ್ ನಿಮಿಷ ಇರು, ಇಲ್ಲಿ ಎಲ್ಲಾ ಅವ್ರೆ."

ಅವಳು ಎತ್ತುತ್ತಿರಲಿಲ್ಲ ಎಂಬುದೇ ನಿಜ. ಜ್ಯೋತಿಲಕ್ಷ್ಮಿ ವಸಂತ್‌ಗೆ ಗೊತ್ತುಮಾಡಿದ ಹುಡುಗಿ; ಮುಂದಿನ ವಾರ ಧಾರೆ. ನಿಶ್ಚಿತಾರ್ಥ ಆದಾಗಿನಿಂದ ಆ ಹುಡುಗಿ ಅಕ್ಕಾ ಅಕ್ಕಾ ಎಂದು ಫೋನ್ ಮಾಡುವುದು, ಇವಳು ಅದು ಹೊಡೆದುಕೊಂಡು ಸುಮ್ಮನಾಗುವವರೆಗೂ ನೋಡುತ್ತ ಕೂರುವುದು, ಇದೇ ಆಗಿತ್ತು. ವನಜಾ ಮೆಟ್ಟಿಲ ಕೆಳಗಿನ ಮೋಟರ್ ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ನೆಟ್ಟಗೆ ನಿಂತರೆ ತಲೆ ತಾಗುವಷ್ಟು ಜಾಗ, ಮೂಲೆಯಲ್ಲಿ ಪೊರಕೆ, ಹಳೇ ಪೇಂಟ್ ಡಬ್ಬ. ಬಾಡಿಗೆ ರೂಮುಗಳಿಗೆಲ್ಲ ನೀರು ಬಿಡುವುದು ಅವಳ ಪಾಲಿನ ಕೆಲಸವಾದ್ದರಿಂದ ಆ ಮನೆಯಲ್ಲಿ ಅವಳದೇ ಅಂತ ಇದ್ದ ಕೋಣೆ ಅದೊಂದೇ.

…

"ಹೇಳು ಈಗ. ಪಿಳ್ಳಮ್ಮ ಅಂತ ಯಾಕ್ ಕೇಳ್ದೆ?... ನೀನೂ ಇದ್ದೀಯಾ ಆ ಗುಂಪಲ್ಲಿ? ಏನ್ ಹೆಸರಿಟ್ಕೊಂಡು?... ಬೆಣ್ಣೆ ಬಿಸ್ಕೆಟ್ ನೀನೇನಾ? ಅಯ್ಯೋ ನಿನ್ನ. ಜಪಾನಿನೋರ ಪರ ವಹಿಸ್ಕೊಂಡು ನನ್ ಜೊತೆ ಜಗಳಕ್ಕೆ ನಿಲ್ತಿದ್ದೋಳು ನೀನಾ?"

ಒಂದು ಗಳಿಗೆ ಅವಳಿಗೆ ಮದುವೆಯೂ ಮರೆತುಹೋಯಿತು, ಮೈದುನನೂ ಮರೆತುಹೋದ. ಮುಖ ಕಾಣದೆ ತಿಂಗಳುಗಟ್ಟಲೆ ಕಿತ್ತಾಡಿದವಳು ತನ್ನ ಓರಗಿತ್ತಿಯಾಗಿ ಬರುವವಳೇ ಎಂದರೆ ಯಾರಿಗೆ ಖುಷಿಯಾಗದು?

…

"ಈಗ್ಲೂ ಹೇಳ್ತೀನಿ ಕೇಳು. ಜಪಾನಿನೋರು ಒಬ್ರ ಕೈ ಒಬ್ರು ಹಿಡಿಯೋ ಹೊತ್ತಿಗೆ ನಮ್ಮನೆ ಟ್ಯಾಂಕು ತುಂಬಿ ಬೀದಿಗೆ ಹರಿದಿರ್ತದೆ. ಬರೀ ಅನ್ನ ತಿನ್ನೋದು, ತಲೆ ಬಗ್ಸೋದು... ಕೊರಿಯಾದೋರಾ? ಅವ್ರು ಶುರುವಾಯ್ತು ಅನ್ನೋಷ್ಟ್ರಲ್ಲಿ ಮುಗಿಸ್ಬಿಡ್ತಾರೆ. ಥಾಯ್ಲೆಂಡಿನೋರೇ ವಾಸಿ ಕಣೇ. ಅಳೋದಾದ್ರೆ ಬಾಯ್ಬಿಟ್ಟು ಅಳ್ತಾರೆ."

…

"ಹಾಂ, ಅದು ಒಪ್ತೀನಿ. ಕಾಲೇಜ್ ಓದೋ ಹುಡುಗ್ರಿಗೆ ಅಷ್ಟಷ್ಟು ದೊಡ್ಡ ಮನೆ. ಅಡ್ವಾನ್ಸ್ ಕೊಟ್ಟೋರು ಯಾರು ಅಂತ ಯಾವ ಎಪಿಸೋಡಲ್ಲೂ ಹೇಳಲ್ಲ. ಓನರ್ ಅನ್ನೋ ಪ್ರಾಣಿನೇ ಇಲ್ಲ. ಇಬ್ರು ಹುಡುಗ್ರು ಬಾಗ್ಲು ಹಾಕ್ಕೊಂಡ್ರೆ ಓನರಮ್ಮ ಬಂದು ತಟ್ಟಲ್ವಾ? ನಮ್ಮತ್ತೆ ತಟ್ತಾರಪ್ಪ... ಅದೂ ಸರಿನೇ, ಅವ್ರಿಗೆ ಚಿಕ್ಕಪ್ಪ ಇಲ್ಲ, ದೊಡ್ಡಪ್ಪ ಇಲ್ಲ, ಜಾತಿ ಕೇಳೋರಿಲ್ಲ..."

…

"ಅಲ್ಲ, ನಾನೇ ಅಂತ ಹೆಂಗ್ ಗೊತ್ತಾಯ್ತು ನಿಂಗೆ?... ಅತ್ತೆ ಕೂಗಿದ್ದಾ? ಅದೂ ರೆಕಾರ್ಡಾಗಿದ್ಯಾ?"

ಆಗಿತ್ತು. ಗುಂಪಿನಲ್ಲಿ ಪಿಳ್ಳಮ್ಮನ ಮಾತಿನ ಹಿಂದೆ ಅತ್ತೆ ಅಂಜಿನಮ್ಮ 'ವನಜಾ, ಮೋಟ್ರು ಆಫ್ ಮಾಡೇ' ಎಂದು ಕೂಗಿದ್ದಳು. ಹೆಬ್ಬಗೋಡಿಯವರು ಗಂಡಿನ ಮನೆ ನೋಡಲು ಬಂದ ದಿನವೂ ಅಂಜಿನಮ್ಮ ನೆಂಟರೆದುರು ಅದೇ ರಾಗದಲ್ಲಿ ಅದನ್ನೇ ಕೂಗಿದ್ದಳು. ಅಂಜಿನಮ್ಮನ ಗಂಟಲು ಒಮ್ಮೆ ಕೇಳಿದವರು ಮರೆಯುವಂಥದಲ್ಲ.

…

"ಯಾವ ರೆಕಾರ್ಡು?... ಆ ಹುಡುಗ ಕೊನೇಲಿ ಬೇರೆ ಹುಡುಗಿಗೆ ಉಂಗುರ ಹಾಕ್ತಾನಲ್ಲ, ಅದಾ?... ಏನಂದಿದ್ನೋ, ನೆನಪಿಲ್ಲ... ಬೇಡ ಕಣೇ. ಹಾಕ್ಬೇಡ. ಜ್ಯೋತಿ, ಬೇಡ."

ಆ ಕಡೆ ಇನ್ನೊಂದು ಫೋನಿನಲ್ಲಿ ಅವಳದೇ ದನಿ ಶುರುವಾಯಿತು. ತನ್ನ ಮಾತು ತನಗೇ ಇಷ್ಟು ಅಸಹ್ಯವಾಗಿ ಎಂದೂ ಕೇಳಿಸಿರಲಿಲ್ಲ. 'ನನ್ ಮೈದುನನೂ ನೋಡ್ತಾನೆ ಕಣ್ರಪ್ಪ ನನ್ ಜೊತೆ. ಮೀಸೆ ಇರೋ ಗಂಡ್ಸು, ಆ ಮದ್ವೆ ಸೀನ್ ನೋಡಿ ಗೊಳೋ ಅಂತ ಅತ್ತ, ಊಟಾನೂ ಮಾಡ್ಲಿಲ್ಲ. ನನ್ ಕೇಳಿದ್ರೆ ಇದ್ರಲ್ಲಿ ವಿಲನ್ ಯಾರು ಗೊತ್ತಾ? ಅವರಪ್ಪ ಅಲ್ಲ. ಅಣ್ಣನ ಹೆಂಡ್ತಿ. ಎಲ್ಲಾ ಗೊತ್ತಿದ್ದೂ ಹೂವು ಮುಡ್ಕೊಂಡು ಮದ್ವೇಲಿ ಓಡಾಡ್ತಾಳಲ್ಲ, ಅವ್ಳು. ನಾನಾಗಿದ್ರೆ ಸ್ಟೇಜ್ ಹತ್ತಿ ಹೇಳ್ಬಿಡ್ತಿದ್ದೆ.'

ಇಷ್ಟನ್ನು ಹೇಳಿದ ಸಂಜೆ ವನಜಾಳಿಗೆ ಏನೂ ತಿಳಿದಿರಲಿಲ್ಲ. ತಮಾಷೆಗೆ ಹೇಳಿ, ಹಾಕಿ, ಚಪಾತಿ ಲಟ್ಟಿಸಲು ಕೂತಿದ್ದಳು. ವಸಂತ್ ಅಡುಗೆಮನೆ ಬಾಗಿಲಿಗೆ ಬಂದು ನಿಂತು, ತಾನು ಅತ್ತದ್ದು ಯಾಕೆಂದು ಹೇಳಿದ್ದು ಆಮೇಲೆ. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಹನುಮೇಶನ ಹೆಸರು ಹೇಳಿದ. ಹನುಮೇಶ ಮಾನ್ವಿ ಕಡೆಯವನು, ಪೀಣ್ಯದಲ್ಲಿ ವಸಂತನ ಫ್ಯಾಕ್ಟರಿಯಲ್ಲೇ ಲೇತ್ ಕೆಲಸ. ಹೇಳಿದವನು ಅಲ್ಲಿಗೇ ಬಿಡಲಿಲ್ಲ. ಅಲ್ಲೇ ಆಡುತ್ತಿದ್ದ ವನಜಾಳ ಮಗಳನ್ನು ಎತ್ತಿ ತಂದು, ಮಗುವಿನ ತಲೆಯ ಮೇಲೆ ಅತ್ತಿಗೆಯ ಕೈ ಇಡಿಸಿ, ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿದ. ಹಿಟ್ಟಿನ ಕೈಯಲ್ಲೇ ಮಾಡಿದಳು. ಗುಂಪಿನಲ್ಲಿದ್ದ ಮಾತನ್ನು ಅಳಿಸಿಬಿಡಬೇಕೆಂದು ರಾತ್ರಿಯೆಲ್ಲ ಅಂದುಕೊಂಡಳು. ಬೆಳಗ್ಗೆ ನೋಡಿದರೆ ಅದಕ್ಕೆ ಎಂದೂ ಬರದಷ್ಟು ಮೆಚ್ಚುಗೆ ಬಂದಿತ್ತು. ಹಾಳು ಆಸೆ, ಕೈ ಬರಲಿಲ್ಲ.

…

"ನಿಲ್ಸು. ಸಾಕು, ನಿಲ್ಸು ಅದನ್ನ."

…

"ಏನಂತ ಹೇಳ್ಲಿ ನಾನು? ಸೀರಿಯಲ್ ನೋಡಿ ಎಲ್ರೂ ಅಳ್ತಾರಪ್ಪ... ಅವನನ್ನೇ ಕೇಳು... ಕೇಳ್ದಾ? ಏನಂದ?... ನಕ್ಕು ಸುಮ್ನಾದ್ನಾ. ಹೂಂ. ಅವ್ನು ಹಂಗೇ."

…

"ನನ್ನ ಕೇಳ್ಬೇಡ ಜ್ಯೋತಿ. ಕಾಲಿಗೆ ಬೀಳ್ತೀನಿ. ಆಣೆ ಹಾಕಿದೀನಿ... ಯಾರ ಮೇಲೆ ಅಂದ್ರೆ? ನನ್ ಮಗಳ ತಲೆ ಮೇಲೆ. ನೀನು ಓದಿದೋಳು, ನಿಂಗದು ನಗು ಬರ್ಬೋದು. ನನಗೆ ಬರಲ್ಲ."

ಅವಳು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಳು. ಎರಡು ಕಡೆಯೂ ಹೆಣ್ಣುಮಕ್ಕಳೇ. ಒಬ್ಬಳ ತಲೆ ಕಾಯಲು ಹೋದರೆ ಇನ್ನೊಬ್ಬಳ ಬಾಳು ಹೋಗುತ್ತದೆ. ವಸಂತನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅವನ ಅತ್ತ ಮುಖ ಬಂತು.

…

"ಒಂದ್ ಕೆಲಸ ಮಾಡು. ನೀನು ಕೇಳು, ನಾನು ಕೇಳಿಸ್ಕೋತೀನಿ. ನೀನ್ ಅಂದ್ಕೊಂಡಿರೋದು ಸುಳ್ಳಾಗಿದ್ರೆ ಸುಳ್ಳು ಅಂತೀನಿ. ನಿಜ ಆಗಿದ್ರೆ... ಬಾಯಿ ಬಿಡಲ್ಲ. ಬಾಯಿ ಬಿಡದೇ ಇದ್ರೆ ಆಣೆ ಮುರಿಯಲ್ಲ ಅಲ್ವಾ? ಕೇಳು."

…

…

ವನಜಾ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಹೊರಗೆ ಯಾರೋ ಬಾಡಿಗೆಯವರ ಮಗು ಸೈಕಲ್ ಬೆಲ್ ಬಾರಿಸುತ್ತಿತ್ತು. ಸುಳ್ಳು ಎಂಬ ಒಂದೇ ಮಾತು ಹೇಳಿಬಿಟ್ಟಿದ್ದರೆ ಎಲ್ಲರೂ ಬಚಾವಾಗುತ್ತಿದ್ದರು. ಅವಳು ಹೇಳಲಿಲ್ಲ.

…

"ಅಳ್ಬೇಡ ಕಣೇ... ಜ್ಯೋತಿ... ಅಳ್ಬೇಡ. ನಿನ್ ತಪ್ಪೇನಿದೆ ಇದ್ರಲ್ಲಿ? ಅವನದೂ ಇಲ್ಲ. ಅವ್ನು ಬೇಡ ಅಂದ. ಊಟ ಬಿಟ್ಟ. ನಮ್ಮತ್ತೆ ವಿಷದ ಬಾಟ್ಲು ಹಿಡ್ಕೊಂಡು ನಿಂತ್ರು, ಒಪ್ಕೊಂಡ."

…

"ಹೌದು. ಅಂದಿದ್ದೆ. ಆ ಸೀರಿಯಲ್ ಹುಡುಗಿ ಯಾವಾಗ ತೊಲಗ್ತಾಳಪ್ಪಾ ಅಂದಿದ್ದೆ. ಎಲ್ಲಾರೂ ನಕ್ಕಿದ್ರು... ನೀನೊಬ್ಳೇ ಬೈದಿದ್ದು, ಹೂಂ, ಗೊತ್ತು. ಅದ್ರಲ್ಲಿ ಅವ್ಳನ್ನ ವಿಮಾನ ಹತ್ತಿಸಿ ಫಾರಿನ್‌ಗೆ ಕಳಿಸ್ಬಿಡ್ತಾರೆ, ಅಲ್ಲಿಗೆ ಅವ್ಳ ಕತೆ ಮುಗೀತು. ನಿನ್ನ ಎಲ್ಲಿಗೆ ಕಳಿಸ್ತಾರೆ, ನಿಜ. ನೀನು ಇದೇ ಮನೇಲಿ, ಇದೇ ಅಡುಗೆಮನೇಲಿ ಇರ್ಬೇಕು."

ಹೇಳುತ್ತ ಹೇಳುತ್ತ ವನಜಾಳಿಗೇ ಕಣ್ಣು ತುಂಬಿ ಬಂತು. ಎಷ್ಟು ಸೀರಿಯಲ್ ನೋಡಿದ್ದಳು, ಎಷ್ಟು ಹುಡುಗರಿಗಾಗಿ ಅತ್ತಿದ್ದಳು. ಉಂಗುರ ಹಾಕಿಸಿಕೊಂಡ ಹುಡುಗಿ ಮನೆಗೆ ಹೋಗಿ ಏನು ಮಾಡಿದಳೆಂದು ಒಂದು ಸಲವೂ ಯೋಚಿಸಿರಲಿಲ್ಲ.

…

"ಬೇಡ ಅನ್ನು. ನೀನೇ ಬೇಡ ಅಂದ್ಬಿಡು... ಯಾಕಾಗಲ್ಲ?... ಬೇರೆ ಯಾರನ್ನೋ ಇಟ್ಕೊಂಡವ್ಳೆ ಅಂತಾರಾ. ಹೂಂ... ಅಂತಾರೆ. ಛತ್ರ ಬುಕ್ಕಾಗೋಗಿದೆ, ಪತ್ರಿಕೆ ಹಂಚಾಗಿದೆ, ಹುಡುಗಿ ಬೇಡ ಅಂದ್ರೆ ಇನ್ನೇನಂತಾರೆ."

…

"ನಾನ್ ಹೇಳೋದಾ? ನಿಮ್ಮಪ್ಪನಿಗಾ? ಇಲ್ಲ ಇಲ್ಲ, ನನ್ ಕೈಲಿ ಆಗಲ್ಲ... ಅಲ್ಲೇ ಅವ್ರಾ? ಬಂದ್ರಾ?... ಜ್ಯೋತಿ, ಕೊಡ್ಬೇಡ, ಕೇಳಿಲ್ಲಿ, ಜ್ಯೋತಿ..."

ಅಷ್ಟರಲ್ಲಿ ಮೋಟರ್ ರೂಮಿನ ತಗಡಿನ ಬಾಗಿಲ ಮೇಲೆ ಬಡಿತ ಬಿತ್ತು. "ಏನೇ ವನಜಾ, ಇಷ್ಟೊತ್ತು ಯಾರ್ತಾವೇ ಮಾತು? ಬಾಗ್ಲು ಯಾಕೆ ಅಂಗೆ ಆಕ್ಕೊಂಡಿದ್ದೀಯ? ತಗಿಯೇ." ಅಂಜಿನಮ್ಮ. ವನಜಾ ಚಿಲಕವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಳು, ಇನ್ನೊಂದರಲ್ಲಿ ಫೋನು.

…

"ಹಾಂ... ನಮಸ್ಕಾರ ದೊಡ್ಡಪ್ಪ. ವನಜಾನೇ... ಎಲ್ಲಾ ಚೆನ್ನಾಗವ್ರೆ... ಅಳ್ತಾವ್ಳಾ? ಇಲ್ಲ, ಮದ್ವೆ ಅಂತ ಅಲ್ಲ ದೊಡ್ಡಪ್ಪ. ನಾನೇ ನಿಮ್ ಹತ್ರ ಒಂದ್ ಮಾತು ಹೇಳ್ಬೇಕಿತ್ತು, ವಸಂತನ ವಿಚಾರ."

ಇಷ್ಟು ಹೇಳಿದ್ದೇ ಅವಳಿಗೆ ಆಶ್ಚರ್ಯವಾಯಿತು. ಆಣೆಯ ಶಾಪ ಮಗಳಿಗೆ ಬೇಡ, ತನ್ನ ತಲೆಗೇ ಬರಲಿ ಎಂದು ಮನಸ್ಸಿನಲ್ಲೇ ಮನೆದೇವರಿಗೆ ಹೇಳಿಕೊಂಡಳು. ಜ್ಯೋತಿಯ ಅಪ್ಪ ವೆಂಕಟಪ್ಪ ಸಾಧು ಮನುಷ್ಯ, ಮಗಳೆಂದರೆ ಪ್ರಾಣ. ಕೇಳಿಸಿಕೊಂಡಾನು. ಆದರೆ ಹುಡುಗನ ವಿಚಾರ ಎಂದರೆ ಹೆಣ್ಣು ಹೆತ್ತವನು ಸುಮ್ಮನೆ ಕೇಳಿಸಿಕೊಳ್ಳುತ್ತಾನೆಯೇ? ಗಾಬರಿಯಲ್ಲಿ ಅವನೇ ಒಂದರ ಹಿಂದೊಂದು ಕೇಳತೊಡಗಿದ.

…

"ಕುಡಿಯೋದಾ? ಅಯ್ಯೋ, ಒಂದ್ ತೊಟ್ಟೂ ಮುಟ್ಟಲ್ಲ ದೊಡ್ಡಪ್ಪ. ಅದಲ್ಲ..."

…

"ಇಲ್ಲ, ಇಸ್ಪೀಟೂ ಇಲ್ಲ. ಸಾಲಾನೂ ಇಲ್ಲ. ನಾನ್ ಹೇಳೋದನ್ನ ಸ್ವಲ್ಪ..."

…

"ಹೆಣ್ಣಾ?"

ಬಾಗಿಲು ಇನ್ನೊಮ್ಮೆ ಧಡಧಡ ಎಂದಿತು. ಮಗಳ ಮದುವೆ ಮಾಡುವ ಅಪ್ಪನಿಗೆ ಏನೇನು ಕೇಳಲು ಗೊತ್ತಿರುತ್ತದೋ ಅದನ್ನೆಲ್ಲ ಅವನು ಕೇಳುತ್ತಿದ್ದ. ಒಂದಕ್ಕೂ ಅವಳು ಸುಳ್ಳು ಹೇಳಬೇಕಾಗಿರಲಿಲ್ಲ.

"ಇಲ್ಲ ದೊಡ್ಡಪ್ಪ. ಬೇರೆ ಹೆಣ್ಣಿನ ಸಹವಾಸ ಅವನಿಗಿಲ್ಲ."

…

"ಹೂಂ... ಒಳ್ಳೇ ಹುಡುಗಾನೇ. ಅವನಷ್ಟು ಒಳ್ಳೆಯವ್ನನ್ನ ನಾನು ನೋಡಿಲ್ಲ. ಆದ್ರೆ ದೊಡ್ಡಪ್ಪ, ನೀವು ಕೇಳ್ದೇ ಇರೋದು ಒಂದಿದೆ..."

…

"ಅಷ್ಟೇ ಸಾಕು ಅಂದ್ರೆ ಹೆಂಗೆ ದೊಡ್ಡಪ್ಪ, ನಾನಿನ್ನೂ ಹೇಳೇ ಇಲ್ಲ... ಯಾರಿಗ್ ಹೇಳ್ತಿದ್ದೀರಾ? ಜ್ಯೋತಿಗಾ? ಅವ್ಳಿಗೆ ಹಂಗನ್ಬೇಡಿ. ಒಳ್ಳೇ ಹುಡುಗ ಅಂತ ಅಕ್ಕನೇ ಒಪ್ಕೊಂಡ್ಳು ಅನ್ಬೇಡಿ. ನಾನ್ ಹೇಳಿದ್ದು ಅದಲ್ಲ, ಅವ್ಳಿಗೆ ಫೋನ್ ಕೊಡಿ, ದೊಡ್ಡಪ್ಪ, ಇಡ್ಬೇಡಿ, ಅವ್ನಿಗೆ..."