ಎರಡು ಸಲ ಬಿದ್ದ ಸಕ್ಕರೆ

ನನ್ನ ಹೆಸರು ಪುಮ್ಲಾ ಸಿಗ್ವೇಲಾ, ವಯಸ್ಸು 48, ಪ್ರೌಢಶಾಲಾ ಶಿಕ್ಷಕಿ, ವಾಸ ನ್ಟಾಬೇನಿ ಹಳ್ಳಿ, ಪೂರ್ವ ಕೇಪ್, ದಕ್ಷಿಣ ಆಫ್ರಿಕಾ. ನನ್ನ ತಮ್ಮ ಜುಕಿಲೆಯ ಕಣ್ಣಿಗಾದ ಗಾಯದ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ, ಅವನ ಹೆಂಡತಿ ನೊಲುಂಡಿ ಅವನಿಗೆ ಬಾಟಲಿಯಿಂದ ಹೊಡೆದಿಲ್ಲ. ಬಾಟಲಿ ತಾನಾಗಿಯೇ ಸಿಡಿಯಿತು.

ನಾಳೆ ಶನಿವಾರ ನಮ್ಮ ತಂದೆಯ ಸಮಾಧಿಗೆ ಕಲ್ಲು ನಿಲ್ಲಿಸುವ ಕಾರ್ಯವಿದೆ. ಅದಕ್ಕೆಂದು ತಾಯಿ ಅನಾನಸ್ ಬಿಯರ್ ಮಾಡಿದ್ದರು. ಕಳೆದ ಭಾನುವಾರ ಮಧ್ಯಾಹ್ನ ಅದನ್ನು ಬಾಟಲಿಗೆ ತುಂಬಿದೆವು. ಬಾಟಲಿಯೊಳಗೆ ನೊರೆಯ ಗಾಳಿ ಕಟ್ಟಲು ಕೊನೆಯಲ್ಲಿ ಸ್ವಲ್ಪ ಸಕ್ಕರೆ ಬೇಕು, ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ನೊಲುಂಡಿಯ ತವರಿನಲ್ಲಿ ಬಾಟಲಿಗೆ ಒಂದು ಚಮಚ ಹಾಕುತ್ತಾರೆ. ನಮ್ಮ ಮನೆಯಲ್ಲಿ ಡ್ರಮ್ಮಿಗೆ ಒಂದು ಬಟ್ಟಲು ಸುರಿಯುತ್ತಾರೆ. ತಾಯಿ ಚರ್ಚಿನಿಂದ ಬರುವಷ್ಟರಲ್ಲಿ ನೊಲುಂಡಿ, ತೊಳೆದ ಬಾಟಲಿಗಳಿಗೆಲ್ಲ ಚಮಚದಲ್ಲಿ ಸಕ್ಕರೆ ಹಾಕಿಟ್ಟಿದ್ದಳು. ಕಂದು ಗಾಜಿನಲ್ಲಿ ಅದು ಕಾಣಲಿಲ್ಲ. ತಾಯಿ ಬಂದವರೇ ಡ್ರಮ್ಮಿಗೆ ಬಟ್ಟಲು ಸುರಿದರು.

ಅವಳು ಮದುವೆಯಾಗಿ ಬಂದು ನಾಲ್ಕು ತಿಂಗಳು. ಹೊಸ ಸೊಸೆ ಅತ್ತೆಯ ಕೈಕೆಲಸವನ್ನು ತಪ್ಪೆನ್ನುವ ಹಾಗಿಲ್ಲ. ಮುಚ್ಚಳಗಳನ್ನು ಬಡಿದಾದ ಮೇಲೆ ನನ್ನನ್ನು ಕೋಳಿಗೂಡಿನ ಹಿಂದಕ್ಕೆ ಕರೆದು, ಅಕ್ಕಾ, ಸಕ್ಕರೆ ಎರಡು ಸಲ ಬಿದ್ದಿದೆ, ನನ್ನ ಬಾಯಿಂದ ಹೇಳೋಕಾಗಲ್ಲ, ನೀವೇ ಹೇಳಿ ಎಂದಳು.

ನಾನು ತಾಯಿಗೆ ಹೇಳಿದೆ. ಮುಚ್ಚಳ ಸಡಿಲಿಸಿ ಗಾಳಿ ಬಿಡೋಣ ಎಂದೆ. ತಾಯಿ, ನಿಮ್ಮ ದೊಡ್ಡಪ್ಪ ಬಂದು ಮೊದಲನೇದನ್ನ ದನದ ದೊಡ್ಡಿಯಲ್ಲಿ ಹಿರೀಕರಿಗೆ ಅಂತ ನೆಲಕ್ಕೆ ಸುರಿಯೋವರೆಗೂ ಯಾರೂ ತೆಗೆಯೋ ಹಾಗಿಲ್ಲ, ಓದಿದೋಳು ಅಂತ ಸತ್ತೋರಿಗಿಂತ ಮುಂಚೆ ಕುಡೀತೀಯೇನೇ ಎಂದು ಗದರಿದರು. ಕುಡಿಯೋಕಲ್ಲಮ್ಮ ಎಂದೆ. ತೆಗೆಯೋದೂ ಒಂದೇ ಕುಡಿಯೋದೂ ಒಂದೇ ಎಂದರು. ಜುಕಿಲೆ ನಕ್ಕು, ಅಪ್ಪ ಬದುಕಿದ್ದಾಗ ಕುಡಿಯೋಕೆ ಒಂದು ದಿನವೂ ಕಾದವರಲ್ಲ, ಈಗ ಕಾಯ್ತಾರಂತೆ ಬಿಡಕ್ಕಾ ಎಂದನು. ಕೇಪ್ ಟೌನಿನಲ್ಲಿರುವ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಶುಕ್ರವಾರ ಬೆಳಿಗ್ಗೆ ಬಂದುಬಿಡ್ತೀನಿ ಮಗಳೇ, ಅಲ್ಲೀತನಕ ಕೈ ಹಚ್ಚಬೇಡಿ ಎಂದರು. ಇಂದು ಶುಕ್ರವಾರ. ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ.

ಮಧ್ಯಾಹ್ನ 1.20ಕ್ಕೆ, ಬಾಟಲಿಗಳನ್ನಿಟ್ಟಿದ್ದ ತಗಡಿನ ಶೆಡ್ಡಿನಲ್ಲಿ ಮೊದಲ ಬಾಟಲಿ ಸಿಡಿಯಿತು. ನೊಲುಂಡಿ ಉಳಿದವುಗಳ ಮೇಲೆ ಹೊದಿಸಲು ಕಂಬಳಿಯನ್ನು ನೀರಿನಲ್ಲಿ ಅದ್ದಿಕೊಂಡು ಒಳಗೆ ಹೋದಳು. ಜುಕಿಲೆ, ಹುಚ್ಚಿ, ಆಚೆ ಬಾರೇ ಎಂದು ಕೂಗುತ್ತಾ ಹಿಂದೆಯೇ ಓಡಿದನು. ಶೆಡ್ಡಿನಿಂದ ಹದಿನೈದು ಮೀಟರ್ ದೂರದ ಅಡುಗೆಮನೆ ಬಾಗಿಲಲ್ಲಿ ನಾನು ನಿಂತಿದ್ದೆ, ಶೆಡ್ಡಿನ ಬಾಗಿಲು ತೆರೆದಿದ್ದರಿಂದ ಒಳಗೆಲ್ಲ ಕಾಣುತ್ತಿತ್ತು. ಅವಳ ಎರಡೂ ಕೈ ಕಂಬಳಿಯ ಮೇಲಿದ್ದವು. ಇನ್ನೊಂದು ಬಾಟಲಿ ಸಿಡಿದು ಅವನು ಮುಖ ಮುಚ್ಚಿಕೊಂಡು ಕುಸಿದನು. ಅವನ ಎದೆಯ ಮೇಲೆ ಬಿದ್ದಿದ್ದ ಬಾಟಲಿಯ ಕತ್ತನ್ನು ಅವಳು ಎತ್ತಿ ತೆಗೆದಳು. ಪಕ್ಕದ ಮನೆಯವರು ಓಡಿಬಂದಾಗ ಕಂಡದ್ದು ಅಷ್ಟೇ.

ಅವಳ ಕೈಯಲ್ಲಿ ಒಡೆದ ಬಾಟಲಿ ಇತ್ತೆಂದು ತಾಯಿಯೂ ಪೊಲೀಸರಿಗೆ ಹೇಳಿದ್ದಾರೆ. ಅದು ಸುಳ್ಳಲ್ಲ. ಸಕ್ಕರೆಯ ವಿಷಯ ಹೇಳಿಲ್ಲ. ಹೇಳಮ್ಮಾ ಎಂದು ಕೇಳಿಕೊಂಡೆ. ನಿಮ್ಮಪ್ಪನ ಕಾರ್ಯದ ಹಿಂದಿನ ದಿನ ನನ್ನ ಕೈ ತಪ್ಪಿತು ಅಂತ ಊರಿಗೆಲ್ಲ ಸಾರಲಾ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಆಸ್ಪತ್ರೆಯಲ್ಲಿರುವ ಜುಕಿಲೆಗೆ ಇನ್ನೂ ಎಚ್ಚರವಿಲ್ಲ. ಕಣ್ಣಿನ ಬಗ್ಗೆ ವೈದ್ಯರು ಏನೂ ಹೇಳುತ್ತಿಲ್ಲ.

ಉಳಿದ ಬಾಟಲಿಗಳನ್ನು ಸಾಕ್ಷ್ಯವೆಂದು ಸೀಲ್ ಮಾಡಿ ಠಾಣೆಗೆ ತಂದಿದ್ದಾರೆ. ಅಲುಗಿಸಬೇಡಿ ಎಂದು ಹೇಳಿದ್ದೆ. ನಾನು ಈ ಹೇಳಿಕೆ ಕೊಡುತ್ತಿರುವಾಗ ಸಂಜೆ 5.10ಕ್ಕೆ ಬೀಗ ಹಾಕಿದ ಪಕ್ಕದ ಕೋಣೆಯಲ್ಲಿ ಒಂದು ಸಿಡಿಯಿತು. ಒಳಗೆ ಯಾರೂ ಇರಲಿಲ್ಲ. ಇದನ್ನೂ ಬರೆದುಕೊಳ್ಳಿ ಎಂದೆ. ಠಾಣೆಯಲ್ಲಿ ಆಗಿದ್ದು ಈ ಕೇಸಿಗೆ ಬರಲ್ಲ ಮೇಡಂ, ಸೀಲ್ ತೆಗೆಯೋಕೆ ಸಾಹೇಬರೇ ಬರಬೇಕು, ಅವರು ಬರೋದು ಸೋಮವಾರ ಎಂದು ಹೇಳಿಕೆ ಬರೆದುಕೊಳ್ಳುತ್ತಿದ್ದ ಪೊಲೀಸರು ಹೇಳಿದರು. ನಾನು ಪಟ್ಟು ಹಿಡಿದ ಮೇಲೆ ಬರೆದುಕೊಂಡಿದ್ದಾರೆ. ಆಗ ಲಾಕಪ್ಪಿನಿಂದ ನೊಲುಂಡಿ, ಅಕ್ಕಾ, ನಿಮಗೇನೂ ಆಗಿಲ್ಲ ತಾನೇ ಎಂದು ಕೂಗಿದಳು.

ಓದಿಸಿ ಕೇಳಿದ್ದೇನೆ, ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇಷ್ಟೇ, ಇದು ನಿಜ.

ಸ್ಥಳ: ನ್ಟಾಬೇನಿ
ದಿನಾಂಕ: 20.12.2019
ಸಹಿ: ಪುಮ್ಲಾ ಸಿಗ್ವೇಲಾ