ಬಾವಿಕಟ್ಟೆಯಿಂದ ಕಿತ್ತ ಕಲ್ಲು

ಆ ದೀಪ ಸ್ವಲ್ಪ ಸಣ್ಣ ಮಾಡು. ಇದು ಎಲ್ಲೋ ಕೇಳಿದ್ದಲ್ಲ, ನನ್ನ ದೊಡ್ಡಮ್ಮನ ಮಗನಿಗೇ ಆಗಿದ್ದು. ಲಾರಿ ಓಡಿಸ್ತಾನಲ್ಲ, ನಾವೆಲ್ಲ ಬಿರುಗಾಳಿ ಅಂತೀವಲ್ಲ... ಅವನೇ.

ಆವತ್ತು ನಡುದಾರೀಲಿ ಲಾರಿ ಕೆಟ್ಟು ನಿಂತಿತ್ತು. ಅವನ ಭಾವ ವೆಲ್ಡಿಂಗ್ ಕೆಲಸದವರು, ಅವರನ್ನ ಕರೆಸಿದ. ಇಬ್ಬರಿಗೂ ಮೊದಲಿಂದ ಎಣ್ಣೆ ಸೀಗೆಕಾಯಿ. ಕೆಲಸ ಅರ್ಧ ಆಗೋಷ್ಟರಲ್ಲಿ ಕತ್ತಲಾಯ್ತು, ರಾತ್ರಿ ಅಲ್ಲೇ ಕಳೀಬೇಕು. ಮೂಳೆ ಕೊರೆಯೋ ಚಳಿ. ಇವನು ಲಾರಿ ಪಕ್ಕದಲ್ಲೇ ಕಸಕಡ್ಡಿ ಗುಡ್ಡೆ ಹಾಕಿ ಬೆಂಕಿಪೊಟ್ಟಣ ತೆಗೆದ. ಭಾವ ಕೈಯಿಂದ ಕಿತ್ತುಕೊಂಡರು. ಸುತ್ತ ಸೊಂಟದೆತ್ತರ ಒಣಹುಲ್ಲು, ಟ್ಯಾಂಕ್ ತುಂಬ ಡೀಸೆಲ್. ಒಂದು ಕಿಡಿ ಹಾರಿದ್ರೆ ಇಬ್ಬರೂ ಬೂದಿ.

ಬೈಕೊಂಡೇ ನಡೆದರು. ಪಾಳುಬಾವಿ ದಾಟಿದ ಮೇಲೆ, ತಲೆ ಮೇಲೆ ಕೊಂಬೆ ಇಲ್ಲದ ಜಾಗ ಸಿಕ್ತು. ಭಾವ ಹುಲ್ಲನ್ನ ಬೇರುಸಮೇತ ಕೆತ್ತಿ, ಬರೀ ನೆಲ ಕಾಣೋ ಹಾಗೆ ಮಾಡಿ, ಮೊಣಕಾಲುದ್ದ ಗುಂಡಿ ತೋಡಿದರು. ತೆಗೆದ ಮಣ್ಣು ಪಕ್ಕದಲ್ಲೇ ಇರಲಿ, ಕೊನೆಗೆ ಮುಚ್ಚೋಕೆ ಬೇಕು ಅಂದರು. ಲಾರಿಯಿಂದ ಒಂದು ಬಕೆಟ್ ನೀರು ತಂದಿಟ್ಟರು. ಸುತ್ತ ಜೋಡಿಸೋಕೆ ಕಲ್ಲು ತರೋದು ಇವನ ಪಾಲಿಗೆ ಬಂತು. ಹಳ್ಳದ ಕಲ್ಲು ಬೇಡ, ಒಳಗೆ ನೀರಿದ್ರೆ ಕಾದು ಸಿಡಿಯುತ್ತೆ, ಒಣಗಿದ್ದೇ ತಾ ಅಂತ ಭಾವ ಒತ್ತಿ ಹೇಳಿದರು.

ಗೊಣಗ್ತಾ ಹೋದವನು ಹೋದಷ್ಟೇ ಬೇಗ ಬಂದ. ಎಲ್ಲಿ ಸಿಕ್ತು ಅಂದ್ರೆ ರಸ್ತೆ ಬದೀಲಿ ಅಂದ. ಸುಳ್ಳು. ಬಾವಿಕಟ್ಟೆಯಿಂದ ಕಿತ್ತಿದ್ದ.

ಬೆಂಕಿ ಚೆನ್ನಾಗೇ ಹತ್ತಿತು. ಚಟ್... ಚಟ್... ಅಂತ ಕಟ್ಟಿಗೆ ಸೀಳೋ ಸದ್ದು. ಗಾಳಿ ಇವರ ಮುಖಕ್ಕೆ ಬೀಸ್ತಿತ್ತು. ಹೊಗೆ ಮಾತ್ರ ಮೇಲೇಳಲಿಲ್ಲ. ನೆಲಕ್ಕೆ ಅಂಟಿಕೊಂಡು, ಗಾಳಿಗೆ ಎದುರಾಗಿ ಹರಿದು... ಬಾವಿಯೊಳಗೆ ಇಳೀತಿತ್ತು.

ಆಮೇಲೆ ಬಾವಿಯಿಂದ ಕೆಮ್ಮು. ಖೊಕ್... ಖೊಕ್... ಮುದುಕರ ಒಣ ಕೆಮ್ಮು.

ಭಾವ ತಡಮಾಡದೆ ಬಕೆಟ್ ಎತ್ತಿ ಬೆಂಕಿಗೆ ಸುರಿದರು. ಬೆಂಕಿ ಆರಿತು, ಸದ್ದೇ ಇಲ್ಲ. ಚುಂಯ್ಯ್... ಅಂತ ಬಂದಿದ್ದು ಬಾವಿಯ ತಳದಿಂದ.

"ಕಲ್ಲು ಎಲ್ಲೀದು?" ಭಾವ ಪಿಸುಗುಟ್ಟಿದರು.

ಬಿರುಗಾಳಿ ಬಾವಿ ಕಡೆ ನೋಡಿದ.

ಕರ್ರ್... ಕರ್ರ್... ಒಳಗೋಡೆಗೆ ಮೈ ಉಜ್ಜಿಕೊಂಡು ಏನೋ ಮೇಲೆ ಬರ್ತಿತ್ತು. ಭಾವ ಕೈಗವಸು ಹಾಕ್ಕೊಂಡು ಒಂದು ಕಲ್ಲೆತ್ತಿದರು, ವಾಪಸ್ ಇಡೋಕೆ. ಸದ್ದು ಜೋರಾಯ್ತು. ಕೆಳಗೆ ಬಿಟ್ಟರು. ನಿಂತಿತು.

"ಕಿತ್ತವನೇ ಇಡಲಿ..."

ಬಾವಿಯೊಳಗಿನ ದನಿ, ಹೆಂಗಸೋ ಗಂಡಸೋ ಹೇಳೋಕಾಗಲ್ಲ. ಬಾಯಲ್ಲಿ ಮಣ್ಣು ತುಂಬಿಕೊಂಡು ಮಾತಾಡಿದ ಹಾಗೆ.

ಭಾವ ಕೈಗವಸು ಬಿಚ್ಚಿ ಇವನಿಗೆ ಕೊಟ್ಟರು. ಒಂದು ಕೈಗೆ ತೊಟ್ಟಿದ್ದ ಅಷ್ಟೇ, ಕರ್ರ್... ಈ ಸಲ ಬಾವಿಯ ಅಂಚಿನ ಹತ್ತಿರಾನೇ. ಕೈಗವಸು ಕಿತ್ತೆಸೆದ. ಕಾದ ಕಲ್ಲನ್ನ ಬರಿಗೈಯಲ್ಲೇ ಎತ್ತಿದ. ಹೊತ್ತ. ಇಟ್ಟ. ಮತ್ತೆ ಬಂದ. ಚರ್ಮ ಸುಟ್ಟ ವಾಸನೆ ಬರ್ತಿತ್ತಂತೆ, ಕೂಗೋಕೂ ಹೆದರಿಕೆ. ಹುಟ್ಟಿದಾಗಿನಿಂದ ಒಂದು ಒಳ್ಳೆ ಮಾತಾಡದ ಭಾವ, ಪಕ್ಕದಲ್ಲೇ ಟಾರ್ಚ್ ಹಿಡಿದು, ಆಯ್ತು ಕಣಪ್ಪ, ಆಗೇಹೋಯ್ತು ಅಂತ ಅಳ್ತಾ ನಡೆದರಂತೆ.

ಕೊನೇ ಕಲ್ಲು ಕೂತಿತು. ಒಳಗಿನ ಸದ್ದು ಇಳೀತಾ ಹೋಯ್ತು... ಕೆಳಗೆ... ಇನ್ನೂ ಕೆಳಗೆ. ಬಾವಿಗೆ ಅಷ್ಟು ಆಳ ಇರೋಕೆ ಸಾಧ್ಯಾನೇ ಇಲ್ಲ ಅಂತಾರೆ ಭಾವ.

ಬೆಳಗಾಗೋವರೆಗೂ ಇಬ್ಬರೂ ಲಾರಿ ಕ್ಯಾಬಿನ್ನಲ್ಲಿ ಕೂತಿದ್ದರು. ಆಸ್ಪತ್ರೇಲಿ ಪಟ್ಟಿ ಕಟ್ಟಿದರು, ಕೈ ವಾಸಿಯಾಯ್ತು. ಈಗ ಮೊದಲಿನ ಹಾಗೇ ಲಾರಿ ಓಡಿಸ್ತಾನೆ.

ನಗಬೇಡಿ. ನಾಳೆ ಮನೆಗೆ ಬರ್ತಾನೆ, ಕೈ ಹಿಡಿದು ನೋಡಿ, ಅವನ ಹೆಂಡತೀನೂ ಕೇಳಿ. ಆವತ್ತಿಂದ ಅವನು ಉಗುರು ಕತ್ತರಿಸಿಲ್ಲ. ಬೆಳೆದೇ ಇಲ್ಲ.