ಲುಯಾಂಡೊ ಎರಡು ಸಲ ಕೇಳಿದ ಪ್ರಶ್ನೆ

ಲುಯಾಂಡೊಳ ತಾಯಿಯವರೇ, ಮಗಳು ಚೂಲ್ವೆ, ಪಾದ್ರಿಗಳೇ, ಲುಸಾಕಾದ ಮುಖ್ಯ ಕಚೇರಿಯಿಂದ ಬಂದಿರುವ ನಮ್ಮ ನಿರ್ದೇಶಕರೇ, ಚೋಮಾದ ಬಂಧುಗಳೇ — ಎಲ್ಲರಿಗೂ ವಂದನೆ. ನಾನು ಮುಂಕೊಂಬ್ವೆ. ಹತ್ತೊಂಬತ್ತು ವರ್ಷ ಅವಳ ಮೇಲ್ವಿಚಾರಕನಾಗಿದ್ದೆ.

ಜನರ ಮನಸ್ಸಿನಲ್ಲಿ ಏನಿದೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ನಮ್ಮ ಕೆಲಸ. ಮನೆಯನ್ನು ನಾವು ಆರಿಸುವಂತಿಲ್ಲ, ಎತ್ತಿದ ಚೀಟಿ ಆರಿಸುತ್ತದೆ. ಚೀಟಿಯಲ್ಲಿ ಹೆಂಡತಿಯ ಹೆಸರು ಬಂದರೆ ಹೆಂಡತಿಯೇ ಉತ್ತರ ಹೇಳಬೇಕು. ಒಮ್ಮೆ ಒಬ್ಬ ಗಂಡ ಬಾಗಿಲಿಗೇ ಅಡ್ಡ ನಿಂತ — ಹೀಗೆ, ಕೈ ಕಟ್ಟಿಕೊಂಡು. "ಅವಳದ್ದೇನು ಕೇಳ್ತೀಯ? ನಾನು ಅಂದ್ಕೊಂಡಿದ್ದೇ ಅವಳೂ ಅಂದ್ಕೊಳ್ಳೋದು." ಲುಯಾಂಡೊ ನಕ್ಕಳು. "ಸರಿ ಅಣ್ಣ, ನೀವು ಹೋಗಿ ದನಕ್ಕೆ ನೀರು ಕುಡಿಸ್ಕೊಂಡು ಬನ್ನಿ. ನೀವು ಅಂದ್ಕೊಂಡಿದ್ದನ್ನ ಅವರ ಬಾಯಿಂದ್ಲೇ ಕೇಳ್ಕೋತೀನಿ!"

ನಗಿ. ಅವಳಿದ್ದಿದ್ದರೆ ಅವಳೂ ನಗುತ್ತಿದ್ದಳು.

ಈ ಮಾರ್ಚ್‌ನಲ್ಲಿ, ಚುನಾವಣೆಗೆ ಮುಂಚೆ, ಹೊಳೆಯಾಚೆಯ ಹಳ್ಳಿಯಲ್ಲಿ ಅವಳಿಗೆ ಹದಿನಾರು ಮನೆ ಬಂದವು. ಹನ್ನೊಂದು ಮನೆಯವರು ಒಂದೇ ಉತ್ತರ ಕೊಟ್ಟರು — "ಯಾರಿಗೆ ಓಟು ಅಂತ ಹೇಳೋಕೆ ಭಯ." ಅವಳು ಹಾಗೆಯೇ ಬರೆದುಕೊಂಡು ಬಂದಳು. ಮುಖ್ಯ ಕಚೇರಿಯಲ್ಲಿ ಕೂತವರಿಗೆ ಅದು ರುಚಿಸಲಿಲ್ಲ. ಇಷ್ಟು ಜನ ಒಂದೇ ಮಾತು ಹೇಳುವುದುಂಟೆ? ಇವಳು ಮರದ ಕೆಳಗೆ ಕೂತು ಉತ್ತರಗಳನ್ನೆಲ್ಲ ತಾನೇ ತುಂಬಿದ್ದಾಳೆ ಎಂದರು. ಹಾಗೆಂದು ಒಂದು ಕಾಗದ ತಯಾರಿಸಿ ನನ್ನ ಮುಂದಿಟ್ಟರು.

ನಾನು ಸಹಿ ಹಾಕಿದೆ.

ಅವಳನ್ನು ಕರೆಸಿ, ಹದಿನಾರು ಮನೆಗೂ ಮತ್ತೆ ಹೋಗಬೇಕು ಎಂದೆ. ಆಗಲೇ ಅವಳ ಮೈ ಜ್ವರದಿಂದ ಸುಡುತ್ತಿತ್ತು, ಕಣ್ಣು ಕೆಂಪಾಗಿತ್ತು.

"ಅಣ್ಣ, ನಾನು ಸುಳ್ಳು ಬರೆದೆ ಅಂತ ನೀನೂ ನಂಬ್ತೀಯಾ?"

"ನನ್ನದು ಬಿಡು, ಮೇಲಿನವರು ಕೇಳ್ತಿದ್ದಾರೆ. ಶುಕ್ರವಾರ ವರದಿ ಹೊರಡ್ಬೇಕು."

ಎರಡು ದಿನ ಮಲಗು ಎನ್ನಬಹುದಿತ್ತು — ಅನ್ನಲಿಲ್ಲ. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು.

ಹದಿನಾಲ್ಕನೆಯ ಮನೆಯಂಗಳದಲ್ಲಿ ಕುಸಿದಳು. ಆ ಊರಿನ ಹೆಂಗಸರೇ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದರು. ಮಲೇರಿಯಾ ಮೆದುಳಿಗೇರಿತ್ತು. ಅವಳು ಮತ್ತೆ ಕಣ್ಣು ತೆರೆಯಲಿಲ್ಲ.

ಚೀಲದಲ್ಲಿದ್ದ ಹದಿನಾಲ್ಕು ಹಾಳೆಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿದೆ. ಒಂದು ಗೀಟೂ ವ್ಯತ್ಯಾಸವಿಲ್ಲ — ಒಂದೂ ಇಲ್ಲ. ಉಳಿದೆರಡು ಮನೆಗೆ ನಾನೇ ಹೋದೆ. ಜೋಳ ಕುಟ್ಟುತ್ತಿದ್ದ ಹೆಂಗಸೊಬ್ಬಳು ಒನಕೆ ನಿಲ್ಲಿಸದೆಯೇ ಹೇಳಿದಳು: "ಆ ಅಕ್ಕನಿಗೆ ಹೇಳಿದ್ದೇ ಹೇಳ್ತೀನಿ. ಭಯ ಇದೆ. ಅದನ್ನ ಎಷ್ಟು ಸಲ ಬರ್ಕೋತೀರಪ್ಪ?"

ವರದಿ ಶುಕ್ರವಾರವೇ ಹೊರಟಿತ್ತು. ಆ ಹಳ್ಳಿಯನ್ನೇ ಅದರಿಂದ ಕಿತ್ತುಹಾಕಿದ್ದರು. ದೇಶದ ಜನ ನಿರ್ಭಯವಾಗಿದ್ದಾರೆ ಎಂದು ಪತ್ರಿಕೆಗಳಲ್ಲಿ ಬಂತು, ನೀವೂ ಓದಿರುತ್ತೀರಿ. ಇಂದು ಬೆಳಿಗ್ಗೆ ಬಂದ ಹೂಮಾಲೆಯ ಮೇಲೆ ಕಚೇರಿಯವರು "ನಿಷ್ಠಾವಂತ ಸಹೋದ್ಯೋಗಿ" ಎಂದು ಬರೆಸಿದ್ದಾರೆ. ಅವಳು ಸುಳ್ಳು ತುಂಬಿದಳೆಂಬ ಆ ಕಾಗದವನ್ನು ಮಾತ್ರ ಇನ್ನೂ ವಾಪಸು ತೆಗೆದುಕೊಂಡಿಲ್ಲ.

ನಿನ್ನೆ ಚೂಲ್ವೆ ನನ್ನನ್ನು ಕೇಳಿದಳು: "ಮಾಮ, ಅಮ್ಮ ಸುಳ್ಳು ಬರೆದಿದ್ಲಾ?" ಇಷ್ಟು ಜನರೆದುರು ಈಗ ಹೇಳುತ್ತೇನೆ. ಇಲ್ಲ, ಮಗಳೇ. ಅವಳು ಬರೆದದ್ದೆಲ್ಲ ನಿಜ. ಸುಳ್ಳಿಗೆ ಸಹಿ ಹಾಕಿದವನು ನಾನು.

ಬಂಧುಗಳೇ, ಅವಳಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನವಾಗಿರೋಣ. ನಿರ್ದೇಶಕರೇ — ನೀವೂ ಏಳಬೇಕು.